ಬೆನ್ನ ಹಿಂದಿನ ಕ್ಲಿಪ್

ಮಾರ್ಚ್ 2, ಭಾನುವಾರ

ಬೀದಿಯಲ್ಲಿ ಯಾರಾದರೂ ನನ್ನ ಸೊಂಟದ ಮೇಲಿನ ಮೂಟೆಯನ್ನು ನೋಡಿ ನಿಮ್ಮ ಮಗುವಾ ಎಂದು ಕೇಳಿದರೆ ನಾನು ಹೌದು ಎನ್ನುತ್ತೇನೆ. ಏಳು ತಿಂಗಳಿಂದ ಹೀಗೇ ಹೇಳಿಕೊಂಡು ಬಂದಿದ್ದೇನೆ. ಔಷಧಿ ಅಂಗಡಿಯವನಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟ ಹೆಂಗಸಿಗೆ ಹೇಳಿದ್ದೇನೆ, ಪಾರ್ಕಿನಲ್ಲಿ ದಿನವೂ ಸಿಗುವ ಊರುಗೋಲಿನ ಅಜ್ಜನಿಗಂತೂ ಹೆರಿಗೆ ಎಷ್ಟು ಕಷ್ಟವಾಯಿತು ಎಂದು ಕಥೆ ಕಟ್ಟಿ ಹೇಳಿದ್ದೇನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಸುಳ್ಳು ಹೇಳುವವಳಲ್ಲ. ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟಾಗಲೂ ತಲೆನೋವು, ಹೊಟ್ಟೆನೋವು ಎಂದು ನೆಪ ಹೂಡಲಿಲ್ಲ. ಬೆಂಚಿನ ಮೇಲೆ ಕೂರಲು ಆಗುವುದಿಲ್ಲ, ನಾಳೆಯಿಂದ ಬರುವುದಿಲ್ಲ ಎಂದು ಮೇಷ್ಟರ ಎದುರೇ ಹೇಳಿ ಬಂದೆ. ಇದೊಂದೇ ನನ್ನ ಸುಳ್ಳು. ಹೇಳುವಾಗ ಬಾಯಿ ಸಿಹಿಯಾಗುತ್ತದೆ.

ಮೂಟೆ ಅಕ್ಕನ ಮಗಳು. ಅವಳಿಗೂ ಒಂದು ಒಳ್ಳೆಯ ಹೆಸರಿದೆ, ಚುಚ್ಚುಮದ್ದಿನ ದಿನ ಬಿಟ್ಟರೆ ಯಾರೂ ಬಳಸುವುದಿಲ್ಲ. ಒಂಬತ್ತು ತಿಂಗಳಿಗೆ ಹನ್ನೊಂದು ಕಿಲೋ. ತೂಕ ನೋಡಿದ ನರ್ಸು, ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದರ ಮೇಲೆ ಕೂರಿಸಿ ನೋಡಿದ್ದಳು. ಮಗುವಿಗೆ ಎರಡು ತಿಂಗಳಿದ್ದಾಗ ಅಕ್ಕ ನಮ್ಮ ಮನೆಯ ಮೆಟ್ಟಿಲ ಮೇಲೆ ಬಿದ್ದು ಎಡ ಮೊಣಕೈ ಪುಡಿ ಮಾಡಿಕೊಂಡಳು. ಎರಡು ಆಪರೇಷನ್ ಆದರೂ ಆ ಕೈ ಬೆನ್ನ ಹಿಂದಕ್ಕೆ ಹೋಗುವುದಿಲ್ಲ, ಭಾರ ತಡೆಯುವುದಿಲ್ಲ. ಅಂದಿನಿಂದ ಮೂಟೆಯ ಜಾಗ ನನ್ನ ಸೊಂಟ. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಬೆಳಗಿನ ಪಾಳಿ. ಮಧ್ಯಾಹ್ನ ಅವಳು ಬಂದ ಮೇಲೆ ಮೂಟೆಯನ್ನು ಅವಳಿಗೆ ಒಪ್ಪಿಸಿ ನಾನು ಬ್ಯಾಗಿನ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ.

ಇವತ್ತು ಭಾವ ಫೋನ್ ಮಾಡಿದ್ದರು. ಅವರು ಕೆಲಸ ಮಾಡುವ ಶೀತಲಗೃಹದವರು ಕೊನೆಗೂ ಮನೆ ಕೊಟ್ಟಿದ್ದಾರಂತೆ. ಕೈಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆ ಅಲ್ಲಿಗೆ ಹತ್ತಿರ, ಆದ್ದರಿಂದ ಅಕ್ಕ ತಿಂಗಳ ಕೊನೆಗೆ ಹೋಗಲೇಬೇಕು. ಮೂಟೆಯದು ಮಾತ್ರ ತೀರ್ಮಾನವಾಗಿಲ್ಲ. ಭಾವ ಪಾಳಿಗೆ ಹೋದಾಗ ಅಕ್ಕ ಒಬ್ಬಳೇ ಎತ್ತಿಕೊಳ್ಳುವ ಹಾಗಿದ್ದರೆ ಮೂಟೆಯೂ ಹೋಗುತ್ತಾಳೆ. ಇಲ್ಲದಿದ್ದರೆ ಚೆನ್ನಾಗಿ ನಡೆಯುವ ತನಕ ಇಲ್ಲೇ, ನನ್ನ ಹತ್ತಿರ. ಕೈಯಲ್ಲಿ ಎತ್ತಬೇಡಿ, ಒಳ್ಳೆಯ ಚೀಲದಲ್ಲಿ ಮೈಗೆ ಕಟ್ಟಿಕೊಂಡರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಅಕ್ಕ ಫೋನಿಟ್ಟು ನನ್ನ ಕಡೆ ತಿರುಗಿದಳು. "ಒಂದು ಒಳ್ಳೆ ಚೀಲ ಹುಡುಕಿಕೊಡೇ. ಬ್ಯಾಗಿನ ವಿಷಯ ನಮ್ಮನೇಲಿ ನಿನಗೆ ತಾನೆ ಗೊತ್ತಿರೋದು."

ಹುಡುಕುತ್ತೇನೆ ಎಂದೆ. ಸಿಗದಿರಲಿ ಎಂದು ಒಳಗೇ ಅಂದುಕೊಂಡೆ.

ಮಾರ್ಚ್ 4, ಮಂಗಳವಾರ

ಕೆಳಗಿನ ಮನೆಯ ಟೀಚರ್ ತಮ್ಮ ಮಗನಿಗೆ ಬಳಸುತ್ತಿದ್ದ ಜೋಳಿಗೆಯಂಥದ್ದನ್ನು ಕೊಟ್ಟರು. ಒಂದು ಭುಜದ ಮೇಲಿಂದ ಇಳಿಬಿಟ್ಟು ಬಳೆಯಂಥ ಎರಡು ಉಂಗುರಗಳಲ್ಲಿ ಬಟ್ಟೆ ತೂರಿಸಿ ಬಿಗಿ ಮಾಡುವುದು. ಅವರ ಮಗ ಕಡ್ಡಿ ಪೈಲ್ವಾನ್, ಅವನಿಗೆ ಸರಿಹೋಗಿರಬೇಕು. ಮೂಟೆಯನ್ನು ಕೂರಿಸಿ ಬೀದಿಯ ತುದಿಗೆ ಹೋಗಿ ಬರುವಷ್ಟರಲ್ಲಿ ನನ್ನ ಒಂದು ಭುಜ ಕೆಳಗೆ, ಇನ್ನೊಂದು ಮೇಲೆ. ಕತ್ತಿನ ನರ ತಂತಿಯಂತೆ ಎದ್ದು ನಿಂತಿತ್ತು.

ಅಕ್ಕನಿಗೆ ವರದಿ ಒಪ್ಪಿಸಿದೆ. ಭಾರವಾದ ಮಗುವಿಗೆ ಒಂದು ಭುಜದ್ದು ಸಲ್ಲದು. ಎಡ ಭುಜಕ್ಕೆ ಹಾಕಿದರೆ ಕೈಗೆ ಪೆಟ್ಟು, ಬಲಕ್ಕೆ ಹಾಕಿದರೆ ಇರುವ ಒಂದು ಒಳ್ಳೆಯ ಕೈಯೂ ಕಟ್ಟಿಹಾಕಿದಂತೆ. ಹೇಳಿದ್ದೆಲ್ಲ ನಿಜ. ಆದರೆ ನಿಜ ಹೇಳಿ ಇಷ್ಟು ಖುಷಿಪಟ್ಟದ್ದು ಇದೇ ಮೊದಲು.

ಮಾರ್ಚ್ 6, ಗುರುವಾರ

ನಮ್ಮ ಅಂಗಡಿಯಲ್ಲಿ ಹೆಚ್ಚಾಗಿ ಹೊಲಿಯುವುದು ವಿದ್ಯುತ್ ಕಂಬ ಹತ್ತುವವರ, ಕೊಳಾಯಿ ರಿಪೇರಿಯವರ ಸಾಮಾನಿನ ಚೀಲ. ಇವತ್ತು ಒಬ್ಬ ಹರಿದ ಸೂಟ್‌ಕೇಸ್ ತಂದಿದ್ದ. ಇದಕ್ಕೆ ರಿಪೇರಿ ದಂಡ, ಎಸೆಯಿರಿ ಎಂದೆ. ಅವನು ಎತ್ತಿಕೊಂಡು ಹೊರಟೇಹೋದ. ಯಜಮಾನರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. ಅವರು ನನಗೆ ಇಟ್ಟ ಹೆಸರು ಸುಂಟರಗಾಳಿ. ಬಾಗಿಲಿಗೆ ಬಂದ ಗಿರಾಕಿಯನ್ನು ಬೀಸಿ ಒಗೆಯುವುದಕ್ಕೇ ನಿನಗೆ ಸಂಬಳ ಕೊಡುತ್ತಿದ್ದೇನೆ ಎಂದರು.

ಈ ತಿಂಗಳು ಮುಗಿಯಲಿ, ಇಲ್ಲಿಯೂ ಬಿಡುತ್ತೇನೆ. ಕಾಲು ಸುಮ್ಮನಿರುವುದಿಲ್ಲ. ಬೇಕರಿ, ಫೋಟೋ ಸ್ಟುಡಿಯೋ, ಲಾಂಡ್ರಿ ಎಲ್ಲ ಆಯಿತು, ಇದೂ ಅಷ್ಟೆ.

ಮಾರ್ಚ್ 9, ಭಾನುವಾರ

ಅಕ್ಕ, ನಾನು, ಮೂಟೆ ಮಕ್ಕಳ ಸಾಮಾನಿನ ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಒಂದು ಗೋಡೆಯ ತುಂಬ ಮಗು ಹೊರುವ ಚೀಲಗಳೇ. ಮಾರುವ ಹೆಂಗಸು ನನ್ನ ಸೊಂಟದ ಮೇಲಿದ್ದ ಮೂಟೆಯನ್ನೂ, ಖಾಲಿ ಕೈಯ ಅಕ್ಕನನ್ನೂ ನೋಡಿ, ನೇರ ನನ್ನ ಕಡೆಗೇ ಬಂದಳು. ಚೀಲ ಆರಿಸುವಾಗ ಮಗುವಿಗಿಂತ ಮೊದಲು ತಾಯಿಯ ಮೈ ನೋಡಬೇಕು, ನೀವು ಎತ್ತರ ಇದ್ದೀರಿ, ನಿಮಗೆ ಇದು ಸರಿ ಎಂದು ಒಂದನ್ನು ಇಳಿಸಿದಳು. ನಾನು ಅಕ್ಕನ ಮುಖ ನೋಡಿದೆ. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

"ಹೌದು," ಎಂದಳು ಅಕ್ಕ. "ಅವಳಿಗೇ ತೋರಿಸಿ. ಅವಳೇ ಎತ್ತಿಕೊಳ್ಳೋದು."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳ ಆಡಬಹುದಿತ್ತು. ಏಳು ತಿಂಗಳಿಂದ ನಾನು ಕದ್ದು ತಿನ್ನುತ್ತಿದ್ದುದನ್ನು ಅವಳು ತಟ್ಟೆಗೆ ಹಾಕಿ ಮುಂದಿಟ್ಟಳು. ಗಂಟಲಲ್ಲಿ ಇಳಿಯಲಿಲ್ಲ.

"ತಾಯಿ ಇವಳು," ಎಂದೆ. "ನಾನು ಚಿಕ್ಕಮ್ಮ. ಅಳತೆ ಇವಳದು ತಗೊಳ್ಳಿ."

ಆಮೇಲೆ ಆ ಹೆಂಗಸು ಅಕ್ಕನಿಗೆ ಒಂದೊಂದನ್ನೇ ಹಾಕಿಸಿ ನೋಡಿದಳು. ಮೊದಲನೆಯದರ ಕೂರುವ ಜಾಗ ಕಿರಿದು, ಮೂಟೆಯ ಕಾಲು ನೇತಾಡಿದವು. ಭಾರವಾದ ಮಗುವಿಗೆ ತೊಡೆಯ ಕೆಳಗೆ ಮಂಡಿಯಿಂದ ಮಂಡಿಗೆ ಆಸರೆ ಇರಬೇಕು, ಕಪ್ಪೆ ಕೂತ ಹಾಗೆ ಮಂಡಿ ಸ್ವಲ್ಪ ಮೇಲಿರಬೇಕು. ಎರಡನೆಯದರ ಸೊಂಟಪಟ್ಟಿ ಬರೀ ರಿಬ್ಬನ್, ಭಾರವೆಲ್ಲ ಭುಜಕ್ಕೇ ಬೀಳುತ್ತಿತ್ತು. ಮೂರನೆಯದು ಚೆನ್ನಾಗಿತ್ತು. ಅಂಗೈ ಅಗಲದ, ಒಳಗೆ ಗಟ್ಟಿ ಫೋಮ್ ಇದ್ದ ಸೊಂಟಪಟ್ಟಿ. ಗೋಡೆಯ ಬಣ್ಣದ ಚೀಲಗಳನ್ನೇ ನೋಡುತ್ತಿದ್ದ ಮೂಟೆಯ ಭಾರವನ್ನು ಅಕ್ಕನ ಸೊಂಟದ ಮೂಳೆ ಹೊತ್ತಿತು. ಅಕ್ಕನ ಮುಖ ಸಡಿಲವಾಗುವುದನ್ನು ನೋಡಿದೆ. ಅಷ್ಟರಲ್ಲಿ ಮಾರುವ ಹೆಂಗಸು ಅವಳ ಹಿಂದೆ ಹೋಗಿ, ಎರಡು ಭುಜಪಟ್ಟಿಗಳನ್ನು ಸೇರಿಸುವ ಕ್ಲಿಪ್ಪನ್ನು ಬೆನ್ನ ನಡುವೆ ಟಪ್ ಎಂದು ಹಾಕಿದಳು.

ಅದನ್ನು ನಾನೇ ಹಾಕಿಕೊಳ್ಳುವುದು ಹೇಗೆ ಎಂದು ಅಕ್ಕ ಕೇಳಿದಳು. ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರಲ್ಲ ಎಂದು ಆಕೆ ನಕ್ಕಳು. ಅಕ್ಕ ಎಡಗೈಯನ್ನು ಹಿಂದಕ್ಕೆ ಒಯ್ಯಲು ನೋಡಿದಳು. ಅದು ಸೊಂಟದವರೆಗೆ ಹೋಗಿ ನಿಂತಿತು. ನನ್ನ ಎದೆಯೊಳಗೆ ಏನೋ ಹಗುರವಾಯಿತು. ಆ ಕ್ಲಿಪ್ಪಿಗೆ ಇನ್ನೊಬ್ಬರ ಕೈ ಬೇಕು. ಅಲ್ಲಿಗೆ ಮುಗಿಯಿತು.

"ಇದನ್ನ ಮುಂದಕ್ಕೆ ತರೋಕೆ ಆಗುತ್ತಾ ಕಣೇ?" ಎಂದಳು ಅಕ್ಕ.

ಆಗಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಆಗುತ್ತೆ ಎಂದೆ.

ಮಾರ್ಚ್ 11, ಮಂಗಳವಾರ

ಭಾನುವಾರ ಕೊಂಡು ತಂದ ಆ ಮೂರನೆಯ ಚೀಲ ನಮ್ಮ ಅಂಗಡಿಯ ಮೊಳೆಗೆ ನೇತುಬಿದ್ದಿದೆ. ಇನ್ನೂ ಮುಟ್ಟಿಲ್ಲ.

ಮಾರ್ಚ್ 14, ಶುಕ್ರವಾರ

ಕೊನೆಗೂ ಮಾಡಿದೆ. ಬೆನ್ನಿನ ಕ್ಲಿಪ್ ಕಿತ್ತು ಹಾಕಿದೆ. ಭುಜಪಟ್ಟಿಗಳನ್ನು ಬೆನ್ನ ಮೇಲೆ ಅಡ್ಡಹಾಯಿಸಿ ಸೊಂಟದ ಎರಡು ಪಕ್ಕಕ್ಕೆ ತಂದೆ. ಎಡದ ಪಟ್ಟಿ ಯಾವಾಗಲೂ ಹಾಕಿಯೇ ಇರುತ್ತದೆ. ಬಲದ್ದಕ್ಕೆ ಮಾತ್ರ ಬಕಲ್, ಅದನ್ನು ಬಲಗೈಯೇ ಹಾಕಬಲ್ಲದು. ಅಂಗಿ ತೊಟ್ಟಂತೆ ತಲೆ ತೂರಿಸಿದರೆ ಆಯಿತು. ಜಾರುವ ಪಟ್ಟಿ ಇವತ್ತಲ್ಲ ನಾಳೆ ಕೈಕೊಡುತ್ತದೆ, ಭಾರದ ಚೀಲವನ್ನು ಹೊರುವವರ ಅಳತೆ ತೆಗೆದು ಹೊಲಿದು ಕೂರಿಸು ಎನ್ನುವುದು ನಮ್ಮ ಯಜಮಾನರ ಪಾಠ. ಹಾಗೆಯೇ ಅಳತೆಗೆ ಹೊಲಿದು ನಾಲ್ಕು ಸುತ್ತು ಹೊಲಿಗೆ ಹಾಕಿ ಕೂರಿಸಿದೆ. ಹನ್ನೊಂದು ಕಿಲೋ ಮರಳು ತುಂಬಿದ ಚೀಲವನ್ನು ಅದರಲ್ಲಿ ಕೂರಿಸಿ, ಹಾಕಿಕೊಂಡು ಅಂಗಡಿಯೊಳಗೆ ಓಡಾಡಿದೆ. ಮೈಗೆ ಅಂಟಿದ ಹಾಗೆ ಕೂತಿತು.

ಸಂಜೆ ಅಕ್ಕ ಹಾಕಿಕೊಂಡಳು. ನಿದ್ದೆಗಣ್ಣಿನ ಮೂಟೆ ಅವಳ ಹೊಟ್ಟೆಯ ಕೆಳಗೆ ಜೋತುಬಿದ್ದಳು. ಅಕ್ಕ ಹೆಜ್ಜೆ ಇಟ್ಟರೆ ಮಂಡಿ ಮಗುವಿನ ಕುಂಡೆಗೆ ತಾಗುತ್ತಿತ್ತು. ಭುಜಪಟ್ಟಿ ತೋಳಿಗೆ ಜಾರಿತು. ಅಕ್ಕ ನನಗಿಂತ ಗೇಣುದ್ದ ಗಿಡ್ಡ.

ಅಳತೆ ತಪ್ಪಿತು ಎಂದೆ. ಅಮ್ಮ ಬಟ್ಟೆ ಮಡಚುತ್ತಲೇ, "ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ. ಎದುರಿಗೇ ಅಕ್ಕ ಇದ್ದಾಳೆ, ಟೇಪು ಹಿಡಿಯೋಕೆ ಏನಾಗಿತ್ತು ನಿನಗೆ?" ಎಂದಳು.

ಮಾರ್ಚ್ 15, ಶನಿವಾರ

ಯಜಮಾನರು ಚೀಲವನ್ನು ತಿರುಗಿಸಿ ನೋಡಿದರು. ಹೊಲಿಗೆಯಲ್ಲಿ ಹುಳುಕು ಹುಡುಕಿ ಸಿಗದೆ ಕೊನೆಗೆ ಕೇಳಿದರು. "ಯಾರ ಬೆನ್ನಿಗೆ ಹೊಲಿದೆ ಇದನ್ನ?"

ಹೊರುವವರ ಬೆನ್ನಿಗೆ ಎಂದೆ. ಹೊರುವವರು ಎಂದಾಗ ನನಗೆ ನನ್ನ ಬೆನ್ನು ಬಿಟ್ಟು ಬೇರೆ ನೆನಪಾಗಿರಲಿಲ್ಲ. ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಇನ್ನೊಂದು ವಿಷಯವಿದೆ. ಅಕ್ಕ ಮೆಟ್ಟಿಲ ಮೇಲೆ ಬಿದ್ದಳು ಎಂದು ಮೊದಲ ದಿನ ಬರೆದು ಮುಂದೆ ಹೋಗಿಬಿಟ್ಟೆ. ಬೀಳುವಾಗ ಮೂಟೆ ಅವಳ ಕೈಯಲ್ಲಿದ್ದಳು. ನಾನು ಮೇಲಿನ ಬಾಗಿಲಲ್ಲಿ ನಿಂತು ನೋಡಿದೆ. ಕಾಲು ಜಾರಿದ ಮೇಲೆ ಕಂಬಿ ಹಿಡಿಯಬಹುದಿತ್ತು. ಕಂಬಿ ಅವಳ ಪಕ್ಕದಲ್ಲೇ ಇತ್ತು. ಹಿಡಿಯಬೇಕಾದರೆ ಒಂದು ಕೈಯನ್ನು ಮಗುವಿನಿಂದ ತೆಗೆಯಬೇಕಿತ್ತು. ಅವಳು ತೆಗೆಯಲಿಲ್ಲ. ಎರಡೂ ಕೈಯಿಂದ ಮಗುವನ್ನು ಅಪ್ಪಿ, ಪಕ್ಕಕ್ಕೆ ಹೊರಳಿ, ಮೊಣಕೈ ಕೊಟ್ಟು ಬಿದ್ದಳು. ಮೂಟೆಗೆ ನಿದ್ದೆಯೂ ಪೂರ್ತಿ ಕೆಡಲಿಲ್ಲ.

ಅಂದಿನಿಂದ ಅಕ್ಕನಿಗೆ ಮಗುವನ್ನು ಒಬ್ಬಳೇ ಎತ್ತಿಕೊಳ್ಳಲು ಹೆದರಿಕೆ. ಮಲಗಿದ ಮೇಲೆ ಪಕ್ಕದಲ್ಲಿ ಕೂತು ನೋಡುತ್ತಾಳೆ. ನಾನು ಎತ್ತಿಕೊಂಡು ಊರೆಲ್ಲ ಸುತ್ತಿ ನನ್ನ ಮಗು ಎಂದು ಹೇಳಿಕೊಂಡು ಬಂದೆ.

ಮಾರ್ಚ್ 18, ಮಂಗಳವಾರ

ನಾಲ್ಕು ಸುತ್ತಿನ ಹೊಲಿಗೆ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ಬಟ್ಟೆ ಹರಿಯದಂತೆ ಒಂದೊಂದೇ ನೂಲು ಎಬ್ಬಿಸಬೇಕು. ಈ ಸಲ ಅಕ್ಕನನ್ನು ನಿಲ್ಲಿಸಿ ಅಳೆದೆ, ಭುಜದಿಂದ ಸೊಂಟಕ್ಕೆ, ಬೆನ್ನಿನ ಅಡ್ಡಕ್ಕೆ. ಎಷ್ಟು ಸಣ್ಣ ಬೆನ್ನು. ಚಿಕ್ಕವಳಿದ್ದಾಗ ನಾನು ಇದೇ ಬೆನ್ನಿನ ಮೇಲೆ ಕೂತು ಶಾಲೆಗೆ ಹೋಗಿದ್ದೆ, ಅಳುತ್ತಾ.

ಎರಡೂ ಪಟ್ಟಿಗೆ ಜಾರಿಸಿ ಬಿಗಿ ಮಾಡುವ ಬಕಲ್ ಹಾಕಿದೆ, ಬಲಗೈ ಮುಂದಕ್ಕೆ ಎಳೆದರೆ ಬಿಗಿಯಾಗುವಂತೆ. ಭಾವನ ಮೈಗೂ ಹಿಗ್ಗಬೇಕಲ್ಲ. ಯಜಮಾನರು, ನನ್ನ ಪಾಠಕ್ಕೆ ಎಳ್ಳು ನೀರು ಬಿಟ್ಟೆಯಾ ಎಂದರು. ಮಗು ಬೆಳೆಯುತ್ತದೆ, ಸುತ್ತಿಗೆ ಬೆಳೆಯುವುದಿಲ್ಲ ಎಂದೆ. ಬೇರೆ ದಿನವಾಗಿದ್ದರೆ ಎದುರುತ್ತರಕ್ಕೆ ಬೈಯುತ್ತಿದ್ದರು. ಸುಂಟರಗಾಳಿ ಮಧ್ಯಾಹ್ನದಿಂದ ಕೂತ ಕುರ್ಚಿ ಬಿಟ್ಟು ಎದ್ದಿಲ್ಲ, ಜ್ವರವೇನಾದರೂ ಬಂದಿದೆಯಾ ಎಂದಷ್ಟೇ ಕೇಳಿದರು. ಜ್ವರ ಇರಲಿಲ್ಲ.

ಮನೆಯಲ್ಲಿ ಅಕ್ಕ ಮೊದಲು ಮರಳಿನ ಚೀಲದ ಜೊತೆ ಅಭ್ಯಾಸ ಮಾಡಿದಳು. ಮಂಚದ ಅಂಚಿನಲ್ಲಿ ಕೂತು ಸೊಂಟಪಟ್ಟಿ ಬಿಗಿದು, ಮರಳನ್ನು ತೊಡೆಯ ಮೇಲೆ ಎಳೆದುಕೊಂಡು, ತಲೆ ತೂರಿಸಿ, ಬಲಗಡೆ ಟಪ್. ಎದ್ದು ನಿಂತಳು. ಅಡುಗೆಮನೆಗೆ ಹೋದಳು, ಕಿಟಕಿಯ ಹತ್ತಿರ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಬಲಗೈ ತಾನಾಗಿ ಮರಳಿನ ಬೆನ್ನು ತಟ್ಟತೊಡಗಿತು. ಅಮ್ಮ, "ಸಾಕು ಮಲಗಿಸೇ, ನಿದ್ದೆ ಬಂದಿರಬೇಕು ಅದಕ್ಕೆ," ಎಂದಳು. ಮೂವರೂ ನಕ್ಕೆವು. ಅಕ್ಕನ ನಗು ಕೊನೆಗೆ ಅಳುವಾಯಿತು, ತಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಾರ್ಚ್ 21, ಶುಕ್ರವಾರ

ಇವತ್ತು ಮರಳಿನ ಬದಲು ಮೂಟೆ. ಚೀಲ ಎಲ್ಲೂ ಕೈಕೊಡಲಿಲ್ಲ. ಕೂತ ಎತ್ತರ ಸರಿ, ಅಕ್ಕ ತಲೆ ಬಗ್ಗಿಸಿದರೆ ತುಟಿ ಮಗುವಿನ ನೆತ್ತಿಗೆ ತಾಗುತ್ತದೆ, ಮಂಡಿ ಸರಿ, ಬೆನ್ನಿಗೆ ಆಸರೆ ಸರಿ. ತಪ್ಪಿದ್ದು ಒಂದೇ, ಎದುರಿಗೆ ನಾನಿದ್ದೆ. ಮರಳು ಯಾರನ್ನೂ ನೋಡಿರಲಿಲ್ಲ. ಮೂಟೆ ನನ್ನನ್ನು ನೋಡಿದಳು. ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಎರಡೂ ಕೈ ನನ್ನ ಕಡೆ ಚಾಚಿ, ಉಸಿರು ಕಟ್ಟಿ ಅತ್ತಳು. ಅಕ್ಕ ಓಲಾಡಿ ಗೋಡೆಗೆ ಆತುಕೊಂಡಳು. ತೆಗಿ, ತೆಗಿ, ಬಿದ್ದು ಹೋಗ್ತಾಳೆ ಎಂದಳು.

ತೆಗೆದೆ. ನನ್ನ ಭುಜಕ್ಕೆ ಬಂದ ಕೂಡಲೆ ಅಳು ನಿಂತಿತು. ನನ್ನ ಕಿವಿ ಹಿಡಿದುಕೊಂಡಳು, ಎಂದಿನಂತೆ. ಅಕ್ಕ ಖಾಲಿ ಚೀಲ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು.

"ಬೇಡ ಬಿಡೇ," ಎಂದಳು. "ನಿನ್ನ ಹತ್ತಿರಾನೇ ಇರಲಿ. ಅವಳಿಗೂ ಅದೇ ಬೇಕು. ನೋಡು, ಹೇಗೆ ಸುಮ್ಮನಾದಳು."

ತಿಂಗಳ ಮೊದಲಿಂದ ನಾನು ಕಾಯುತ್ತಿದ್ದ ಮಾತು. ನಾನು ಕೇಳದೆಯೇ, ಅವಳ ಬಾಯಿಂದಲೇ. ಸುಮ್ಮನಿದ್ದರೆ ಸಾಕಿತ್ತು. ಮೂಟೆಯ ಬೆವೆತ ತಲೆ ನನ್ನ ಕತ್ತಿನ ಕೆಳಗಿತ್ತು.

ಆಮೇಲೆ, "ನಾನು ಕಾಣಿಸ್ತಾ ಇದೀನಿ, ಅದಕ್ಕೇ ಅಳ್ತಾಳೆ ಅಕ್ಕ. ಕಾಣಿಸದಿದ್ರೆ ಅಳಲ್ಲ," ಎಂದೆ. ಇದು ನಿಜವೋ ಅಲ್ಲವೋ ಎಂದು ಹೇಳುವಾಗ ನನಗೇ ಗೊತ್ತಿರಲಿಲ್ಲ.

ಮೂಟೆಯನ್ನು ಮತ್ತೆ ಚೀಲಕ್ಕೆ ಕೂರಿಸಿ, ಬಕಲ್ ಅಕ್ಕನ ಕೈಯಿಂದಲೇ ಹಾಕಿಸಿ, ಬಾಗಿಲು ಹಾಕಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆ. ಮೂಟೆ ಬಾಗಿಲು ನೋಡಿಕೊಂಡು ಅಳುತ್ತಿದ್ದಾಳೆ ಎಂದು ದನಿಯಿಂದಲೇ ತಿಳಿಯುತ್ತಿತ್ತು. ನನ್ನ ಕಾಲು ಎದ್ದೇಳಲು ನೋಡಿದವು. ಎರಡೂ ಕೈಯಿಂದ ಕಂಬಿ ಹಿಡಿದುಕೊಂಡೆ. ಬಹಳ ಹೊತ್ತಾದ ಮೇಲೆ ಅಳು ಬಿಕ್ಕಾಯಿತು. ಬಿಕ್ಕು ನಿಂತಿತು. ಒಳಗೆ ಅಕ್ಕ ಏನೋ ಗುನುಗುತ್ತಿದ್ದಳು.

ನಿಜವೇ ಆಗಿತ್ತು.

ಮಾರ್ಚ್ 22, ಶನಿವಾರ

ಹೊರಗೆ ಕೂತೆ.

ಮಾರ್ಚ್ 23, ಭಾನುವಾರ

ಹೊರಗೆ ಕೂತೆ. ಅತ್ತದ್ದು ಕಡಿಮೆ. ಮೂಟೆ ಅತ್ತದ್ದು.

ಮಾರ್ಚ್ 26, ಬುಧವಾರ

ಅಂಗಡಿಯಲ್ಲಿ ಮೆಷಿನ್ ಮುಂದೆ ಕೂತಿದ್ದೆ. ಯಜಮಾನರು ಎದ್ದು ಕುರ್ಚಿ ಸರಿಸಿ, ಬನ್ನಿ ತಾಯಿ ಎಂದರು. ತಲೆ ಎತ್ತಿದರೆ ಅಕ್ಕ. ಎದೆಯ ಮೇಲೆ ಮೂಟೆ, ಬಾಯಿ ತೆರೆದು ನಿದ್ದೆ, ಜೊಲ್ಲು ಪಟ್ಟಿಗೆ ಇಳಿದಿತ್ತು. ಅಮ್ಮ ಜೊತೆಗೆ ಇರಲಿಲ್ಲ. ಯಾರು ಕಟ್ಟಿದರು ಎಂದು ಕೇಳಿದೆ. ನಾನೇ ಎಂದಳು. ಹಾಗಾದರೆ ಮೆಟ್ಟಿಲು?

"ಇಳಿದೆ ಕಣೇ," ಎಂದಳು. "ಎರಡೂ ಕೈ ಖಾಲಿ ಇತ್ತಲ್ಲ. ಕಂಬಿ ಹಿಡ್ಕೊಂಡೇ ಇಳಿದೆ."

ಚೀಲವನ್ನು ಅಂಗುಲ ಅಂಗುಲ ನೋಡಿದೆ. ಎಡ ಭುಜದ ಹತ್ತಿರ ಅಂಚು ಉಜ್ಜಿ ಅಕ್ಕನ ಕತ್ತು ಕೆಂಪಾಗಿತ್ತು. ಮೂಟೆ ಏಳದಂತೆ, ಅಕ್ಕನ ಮೈಮೇಲೆ ಇದ್ದಂತೆಯೇ, ಮೆತ್ತನೆ ಬಟ್ಟೆಯ ಹೊದಿಕೆ ಇಟ್ಟು ಕೈಯಲ್ಲೇ ಹೊಲಿದೆ. ಹೊಲಿಯುವಾಗ ನನ್ನ ಕೆನ್ನೆ ಮೂಟೆಯ ತಲೆಯ ಹತ್ತಿರ ಬಂತು. ಏಳು ತಿಂಗಳು ಅವಳ ತಲೆಗೆ ನನ್ನ ಸೋಪಿನ ವಾಸನೆ ಇತ್ತು. ಇವತ್ತು ಅಕ್ಕನ ಎಣ್ಣೆಯದು.

ಹಲ್ಲಿನಿಂದ ನೂಲು ಕಡಿದೆ. ಬ್ಯಾಗಿಗಾಗಿ ಕಾಯುತ್ತಿದ್ದ ಮುದುಕಿಯೊಬ್ಬಳು, ಮಗು ತಾಯಿಯನ್ನೇ ಹೋಲುತ್ತದೆ ಎಂದಳು. ಹೌದು ಎಂದೆ.

ಅಕ್ಕ ಹೋದ ಮೇಲೆ ಯಜಮಾನರು ತಾವೇ ಚಹಾ ತರಿಸಿದರು. ಅದನ್ನು ಅವರು ಹಬ್ಬಕ್ಕೂ ಮಾಡುವುದಿಲ್ಲ. ಅವರ ಹೊಸ ಗಿರಾಕಿಗಳಲ್ಲಿ ಇಬ್ಬರು ಇಂಥದ್ದೇ ಚೀಲ ಬೇಕು ಎಂದು ಕೇಳಿದ್ದಾರಂತೆ. ಮುಂದಿನ ವಾರದಿಂದ ನೋಡೋಣ ಎಂದೆ.

ಮಾರ್ಚ್ 29, ಶನಿವಾರ

ಭಾವ ಮಧ್ಯಾಹ್ನ ಬಂದರು. ಮೂಟೆ ಅವರನ್ನು ಕಂಡು ಅಕ್ಕನ ಕುತ್ತಿಗೆಗೆ ಮುಖ ಹುದುಗಿಸಿದಳು. ನನ್ನ ಕುತ್ತಿಗೆ ಪಕ್ಕದಲ್ಲೇ ಇತ್ತು. ಭಾವನಿಗೂ ಚೀಲ ಹಾಕಿಸಿ ಪಟ್ಟಿ ಎಲ್ಲಿಯವರೆಗೆ ಬಿಡಬೇಕು ಎಂದು ತೋರಿಸಿದೆ. ಅವರು ದೊಡ್ಡ ಮೈಯವರು, ಆದರೂ ಸಾಕಾಯಿತು. ಬಕಲ್ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಕಿವಿಯಿಂದ ತಿಳಿಯಬೇಕು, ಟಪ್ ಎನ್ನದೆ ಹೆಜ್ಜೆ ಎತ್ತಬಾರದು ಎಂದು ಎರಡು ಸಲ ಹೇಳಿದೆ. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ ಎಂದೆ. ತಿಂಗಳಿಗೊಮ್ಮೆ ಹೊಲಿಗೆ ಎಳೆದು ನೋಡಿ ಎಂದೆ. ನಮ್ಮ ಮೇಡಮ್ಮಿಗೆ ಇನ್ನೇನಾದರೂ ಹೇಳುವುದಿದೆಯಾ ಎಂದು ಭಾವ ನಕ್ಕರು. ಮೂಟೆಯ ಕಿವಿ ಹಿಡಿಯುವ ಅಭ್ಯಾಸದ ವಿಷಯ ಹೇಳಬೇಕೆಂದುಕೊಂಡೆ. ಅಕ್ಕನಿಗೆ ತಾನಾಗೇ ಗೊತ್ತಾಗುತ್ತದೆ.

ಸಂಜೆ ಪಾರ್ಕಿಗೆ ಒಬ್ಬಳೇ ಹೋಗಿ ಊರುಗೋಲಿನ ಅಜ್ಜನನ್ನು ಹುಡುಕಿದೆ. ಆ ಮಗು ನನ್ನದಲ್ಲ, ನನ್ನ ಅಕ್ಕನದು, ಹೆರಿಗೆಯ ಕಥೆ ಸುಳ್ಳು ಎಂದು ಹೇಳಿದೆ. ಅಜ್ಜ ಕೋಲಿನ ತುದಿಯಿಂದ ನೆಲ ಕೆದಕಿದರು. "ಯಾರದಾದರೇನಮ್ಮ, ಹೊತ್ತಿದ್ದು ಸುಳ್ಳಲ್ಲವಲ್ಲ," ಎಂದರು. ಎದ್ದು ಬಂದೆ. ಹಾದಿಯಲ್ಲಿ ಸೊಂಟ ಒಂದು ಕಡೆಗೆ ವಾಲಿಸಿಕೊಂಡೇ ನಡೆಯುತ್ತಿದ್ದೆ. ಗೊತ್ತಾದ ಮೇಲೆ ನೇರ ಮಾಡಿಕೊಂಡೆ.

ನಾಳೆ ಬಸ್ ನಿಲ್ದಾಣಕ್ಕೆ ಬಾರೇ ಎಂದು ಅಕ್ಕ ಕರೆದಳು. ಹೊರಡುವ ಹೊತ್ತಿಗೆ ನನ್ನನ್ನು ಕಂಡು ಮೂಟೆ ಮತ್ತೆ ಬಿಲ್ಲಿನಂತೆ ಬಾಗಿಬಿಡಬಹುದು, ಬಸ್ಸಿನ ಮೆಟ್ಟಿಲ ಮೇಲೆ ಅದು ಆಗಬಾರದು. ಅಂಗಡಿಯನ್ನು ಬೇಗ ತೆರೆಯಬೇಕು ಎಂದು ಹೇಳಲು ಹೊರಟೆ. ಭಾನುವಾರ ಅಂಗಡಿ ಇಲ್ಲ. ಬರುವುದಿಲ್ಲ ಅಕ್ಕ, ನೋಡಲು ಆಗುವುದಿಲ್ಲ ಎಂದೆ. ಅವಳು ನನ್ನ ತಲೆಯನ್ನು ಬಲಗೈಯಿಂದ ಎಳೆದು ತನ್ನ ಭುಜಕ್ಕೆ ಒತ್ತಿಕೊಂಡಳು. ಅಲ್ಲಿ ಚೀಲದ ಪಟ್ಟಿ ಮಲಗುವ ಕಡೆ ಒಂದು ಸಣ್ಣ ತಗ್ಗು ಬಿದ್ದಿತ್ತು.

ಚೀಲ ಒಗೆದಿದ್ದೇನೆ. ಒಣಗಿದೆ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ, ಬಲದ ಬಕಲ್ ಮುಂದಕ್ಕೆ ಬರುವಂತೆ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಮೂವರೂ ಹೊರಡುತ್ತಾರೆ.